ಉಯಿಲಿನ ಭಾಷೆ: ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಪದಗಳು

ಕರಾವಳಿಯ ಹಿರಿಯರು ವೀಲುನಾಮೆ ಎನ್ನುತ್ತಾರೆ. ಬೇರೆಡೆ ಅದು ಉಯಿಲು, ಮರಣಶಾಸನ ಅಥವಾ ಮೃತ್ಯುಪತ್ರ. ಹೆಸರು ಹಲವಾದರೂ ಕಾಗದ ಒಂದೇ. ಕ್ರೈಸ್ತರಾದ ನಮಗೆ ಅನ್ವಯವಾಗುವ ಕಾನೂನು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಇದರ ಕೆಲವು ನಿಯಮಗಳು ನೆರೆಯ ಹಿಂದೂ ಬಾಂಧವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರ ಉಯಿಲನ್ನು ನೋಡಿ ನಮ್ಮದನ್ನು ಬರೆಯುವುದು ಸರಿಯಲ್ಲ.

ಅರ್ಥವಾಗಲೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಕರಾವಳಿಯ ಕಥೋಲಿಕರೊಬ್ಬರು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಲ್ಲಿ ಭತ್ತದ ಗದ್ದೆ ಮಾಡಿಕೊಂಡು ಅಲ್ಲಿಯೇ ನೆಲೆಸಿದ್ದಾರೆ ಎಂದಿಟ್ಟುಕೊಳ್ಳಿ. ಊರಿನಲ್ಲಿ ಹಳೆಯ ಮನೆಯಿದೆ, ಬ್ಯಾಂಕಿನಲ್ಲಿ ಠೇವಣಿಯಿದೆ. ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ.

ಇಂಟೆಸ್ಟೇಟ್: ಉಯಿಲು ಬರೆಯದೆ ತೀರಿಕೊಂಡವರು. ನಮ್ಮ ಉದಾಹರಣೆಯವರು ಹೀಗೆ ತೀರಿಕೊಂಡರೆ ಆಸ್ತಿಯ ಮೂರರಲ್ಲಿ ಒಂದು ಪಾಲು ಪತ್ನಿಗೆ. ಉಳಿದದ್ದು ಮೂವರು ಮಕ್ಕಳಿಗೆ ಸಮನಾಗಿ, ಅಂದರೆ ತಲಾ 2/9 ಪಾಲು. ಮದುವೆಯಾಗಿ ಹೋದ ಮಗಳಿಗೂ ಮಗನಷ್ಟೇ ಹಕ್ಕಿದೆ.

ಟೆಸ್ಟೇಟರ್: ಉಯಿಲು ಬರೆದವರು. ಅವರು ಪ್ರಾಪ್ತ ವಯಸ್ಕರಾಗಿರಬೇಕು, ಸ್ವಸ್ಥ ಮನಸ್ಸಿನವರಾಗಿರಬೇಕು. ತಮ್ಮ ಸ್ವಂತ ಆಸ್ತಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಈ ಕಾಯಿದೆ ಪತ್ನಿಗಾಗಲಿ ಮಕ್ಕಳಿಗಾಗಲಿ ಕಡ್ಡಾಯ ಪಾಲನ್ನು ತೆಗೆದಿರಿಸಿಲ್ಲ. ಆದುದರಿಂದ ಅವಸರದಲ್ಲಿ ಬರೆದ ಒಂದೇ ಸಾಲು ಪತ್ನಿಯನ್ನು ಬರಿಗೈಯಲ್ಲಿ ನಿಲ್ಲಿಸಬಲ್ಲದು.

ಸಾಕ್ಷಿ: ಕನಿಷ್ಠ ಇಬ್ಬರು ಬೇಕು. ಟೆಸ್ಟೇಟರ್ ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಅವರು ಕಂಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಎಂದು ಅವರ ಬಾಯಿಂದಲೇ ಕೇಳಿರಬೇಕು. ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದಿದೆ. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಇಲ್ಲವೇ ಹೆಂಡತಿಗೆ ಉಯಿಲಿನಲ್ಲಿ ಏನಾದರೂ ಕೊಟ್ಟಿದ್ದರೆ ಉಯಿಲು ಉಳಿಯುತ್ತದೆ, ಆದರೆ ಆ ಕೊಡುಗೆ ಅಸಿಂಧುವಾಗುತ್ತದೆ. ಗದ್ದೆಯನ್ನು ಮಗಳಿಗೆ ಬರೆದು, ಹತ್ತಿರದವನೆಂದು ಅಳಿಯನಿಂದಲೇ ಸಾಕ್ಷಿ ಹಾಕಿಸಿದರೆ ಮಗಳಿಗೆ ಆ ಉಯಿಲಿನಿಂದ ಗದ್ದೆ ದಕ್ಕುವುದಿಲ್ಲ.

ರದ್ದತಿ: ಬದುಕಿರುವಷ್ಟು ದಿನ ಉಯಿಲನ್ನು ಎಷ್ಟು ಬಾರಿಯಾದರೂ ಬದಲಿಸಬಹುದು. ಸಣ್ಣ ತಿದ್ದುಪಡಿಗೆ ಬರೆಯುವ ಪೂರಕ ಪತ್ರಕ್ಕೆ ಕೊಡಿಸಿಲ್ ಎನ್ನುತ್ತಾರೆ. ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು. ಕ್ರೈಸ್ತರು ಬರೆದ ಉಯಿಲು ಅವರು ಮದುವೆಯಾದೊಡನೆ ತಾನಾಗಿಯೇ ರದ್ದಾಗುತ್ತದೆ. ವಿಧುರರು, ವಿಧವೆಯರು ಮರುಮದುವೆಯಾದಾಗಲೂ ಹೀಗೆಯೇ. ಮದುವೆಯ ನಂತರ ಹೊಸದಾಗಿ ಬರೆಯಬೇಕು.

ಎಕ್ಸಿಕ್ಯೂಟರ್: ಉಯಿಲನ್ನು ಜಾರಿಗೆ ತರಲು ಟೆಸ್ಟೇಟರ್ ನೇಮಿಸಿದ ವ್ಯಕ್ತಿ. ಸಾಲ ತೀರಿಸಿ, ಉಳಿದುದನ್ನು ಹಂಚುವ ಹೊಣೆ ಇವರದು.

ಪ್ರೊಬೇಟ್: ಉಯಿಲು ನಿಜವಾದದ್ದೆಂದು ನ್ಯಾಯಾಲಯ ಮೊಹರು ಹಾಕಿ ಎಕ್ಸಿಕ್ಯೂಟರರಿಗೆ ಕೊಡುವ ದೃಢೀಕೃತ ಪ್ರತಿ. ಎಕ್ಸಿಕ್ಯೂಟರನ್ನು ಹೆಸರಿಸದಿದ್ದರೆ ಇದರ ಬದಲು ಉಯಿಲು ಲಗತ್ತಿಸಿದ ಆಡಳಿತಾಧಿಕಾರ ಪತ್ರ ಪಡೆಯಬೇಕಾಗುತ್ತದೆ. ಹಿಂದೆ ಉಯಿಲಿನ ಹಕ್ಕನ್ನು ನ್ಯಾಯಾಲಯದಲ್ಲಿ ಸ್ಥಾಪಿಸಲು ಕ್ರೈಸ್ತರಿಗೆ ಪ್ರೊಬೇಟ್ ಕಡ್ಡಾಯವಾಗಿತ್ತು. 2002ರ ತಿದ್ದುಪಡಿ ಆ ಕಡ್ಡಾಯವನ್ನು ತೆಗೆದುಹಾಕಿತು. ಆದರೂ ತಕರಾರಿನ ಭಯವಿದ್ದಲ್ಲಿ ಪ್ರೊಬೇಟ್ ಪಡೆಯುವುದು ಒಳ್ಳೆಯದು. ಹಚ್ಚೊಳ್ಳಿಯಲ್ಲಿ ನೆಲೆಸಿದ್ದವರಿಗಾಗಿ ಬಳ್ಳಾರಿಯ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಪ್ರೊಬೇಟ್ ನ್ಯಾಯಾಲಯ ಉಯಿಲು ನಿಜವೇ ಎಂಬುದನ್ನಷ್ಟೇ ನೋಡುತ್ತದೆ, ಆಸ್ತಿ ಯಾರದೆಂದು ತೀರ್ಮಾನಿಸುವುದಿಲ್ಲ.

ಉತ್ತರಾಧಿಕಾರ ಪ್ರಮಾಣಪತ್ರ: ಬ್ಯಾಂಕ್ ಠೇವಣಿ, ಷೇರು, ಬರಬೇಕಾದ ಸಾಲ ಇತ್ಯಾದಿಗಳನ್ನು ವಸೂಲು ಮಾಡಲು ನ್ಯಾಯಾಲಯ ಕೊಡುವ ಪತ್ರ. ಗದ್ದೆಗೂ ಮನೆಗೂ ಇದು ಅನ್ವಯಿಸದು.

ಪೌತಿ ಖಾತೆ: ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಾಯಿಸುವುದು. ಇದು ಕಂದಾಯ ಇಲಾಖೆಯ ದಾಖಲೆ ಮಾತ್ರ. ಮಗನ ಹೆಸರಿಗೆ ಖಾತೆಯಾಯಿತೆಂದ ಮಾತ್ರಕ್ಕೆ ಸಹೋದರಿಯರ ಪಾಲು ಅಳಿಯುವುದಿಲ್ಲ.

ನಾಮಿನಿ: ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ಅಧಿಕಾರವುಳ್ಳವರು. ಆ ಹಣ ಅಂತಿಮವಾಗಿ ಸೇರಬೇಕಾದುದು ಉಯಿಲಿನಲ್ಲಿ ಹೆಸರಿಸಿದವರಿಗೆ, ಉಯಿಲಿಲ್ಲದಿದ್ದರೆ ವಾರಸುದಾರರಿಗೆ. ಷೇರುಗಳ ವಿಷಯದಲ್ಲಿಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು.

ಧರ್ಮಾರ್ಥ ಕೊಡುಗೆ: ಚರ್ಚಿಗೆ, ಅನಾಥಾಲಯಕ್ಕೆ ಉಯಿಲಿನ ಮೂಲಕ ಆಸ್ತಿ ಕೊಡಲು ಕಾಯಿದೆಯ 118ನೇ ಕಲಮು ಅಡ್ಡಿಯಾಗಿತ್ತು. ಹತ್ತಿರದ ಬಂಧುಗಳಿರುವ ಕ್ರೈಸ್ತರು ಮರಣಕ್ಕೆ 12 ತಿಂಗಳ ಮೊದಲೇ ಉಯಿಲು ಬರೆದು, 6 ತಿಂಗಳೊಳಗೆ ಅದನ್ನು ಕಾನೂನು ಹೇಳಿದ ಕಡೆ ಠೇವಣಿ ಇಡಬೇಕಿತ್ತು. ಕೇರಳದ ಧರ್ಮಗುರು ಜಾನ್ ವಲ್ಲಮಟ್ಟಂ ಇದನ್ನು ಪ್ರಶ್ನಿಸಿದರು. 2003ರ ಜುಲೈ 21ರಂದು ಸುಪ್ರೀಂ ಕೋರ್ಟ್ ಈ ಕಲಮು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ರದ್ದುಗೊಳಿಸಿತು. ಈಗ ಆ ತಡೆ ಇಲ್ಲ. ತಡೆ ಇಲ್ಲವೆಂದು ಮನೆಯವರ ಅಗತ್ಯವನ್ನು ಮರೆಯುವಂತಿಲ್ಲ. ಮೊದಲು ಅವಲಂಬಿತರು, ಆಮೇಲೆ ದಾನ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಕಾಗದ ಕಳೆದುಹೋಗುವ ಭಯವಿರದು. ಅಸ್ವಸ್ಥರ ಮನೆಗೆ ಕರೆ ಬಂದಾಗ ಧರ್ಮಗುರುಗಳೂ ಗುರಿಕಾರರೂ ಒಂದು ವಿಷಯ ನೆನಪಿಡಬೇಕು: ತಮ್ಮ ಚರ್ಚಿಗೆ ಕೊಡುಗೆಯಿರುವ ಉಯಿಲಿಗೆ ತಾವೇ ಸಾಕ್ಷಿ ಹಾಕದಿರುವುದು ಲೇಸು. ವಕೀಲರು ಬರೆದುದನ್ನು ಟೆಸ್ಟೇಟರರಿಗೆ ಅರ್ಥವಾಗುವ ಭಾಷೆಯಲ್ಲಿ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿಸಿರಿ. ಒಂದು ಪದದ ಅರ್ಥ ತಿಳಿಯದೆ ಒಡಹುಟ್ಟಿದವರು ಕೋರ್ಟು ಮೆಟ್ಟಿಲೇರುವುದು ಬೇಡ.