ವಿಮಾನವೆಂಬ ಅಳತೆ

ಆಯುರ್ವೇದ ಓದುವ ಹುಡುಗನನ್ನು ‘ವಿಮಾನ ಎಂದರೇನು’ ಎಂದು ಕೇಳಿದರೆ ಅವನು ತಲೆಯೆತ್ತಿ ಆಕಾಶ ನೋಡಬೇಕಾಗಿಲ್ಲ. ಚರಕಸಂಹಿತೆಯ ಎಂಟು ಸ್ಥಾನಗಳಲ್ಲಿ ಮೂರನೆಯದರ ಹೆಸರೇ ವಿಮಾನಸ್ಥಾನ. ಅದರಲ್ಲಿ ಎಂಟು ಅಧ್ಯಾಯಗಳಿವೆ, ಹಾರುವ ವಸ್ತು ಒಂದೂ ಇಲ್ಲ. ರಸಗಳ ಪ್ರಮಾಣ, ದೋಷಗಳ ಪ್ರಮಾಣ, ರೋಗಿಯ ಬಲದ ಪರೀಕ್ಷೆ, ಇವೇ ಅಲ್ಲಿಯ ವಿಷಯ. ಹೊಟ್ಟೆಯನ್ನು ಮೂರು ಪಾಲು ಮಾಡಿ, ಗಟ್ಟಿ ಆಹಾರಕ್ಕೊಂದು, ದ್ರವಕ್ಕೊಂದು, ವಾತ ಪಿತ್ತ ಕಫಗಳ ಓಡಾಟಕ್ಕೊಂದು ಎಂದು ಹಂಚಿಕೊಡುವ ಅಧ್ಯಾಯವೂ ಅಲ್ಲೇ ಇದೆ. ವೈದ್ಯನ ಪಾಲಿಗೆ ವಿಮಾನ ಎಂದರೆ ಸೂಕ್ಷ್ಮವಾಗಿ ಅಳೆಯುವುದು.

ಪದದ ಬೇರು ಇರುವುದೂ ಅಲ್ಲಿಯೇ. ‘ಮಾ’ ಎಂಬ ಧಾತುವಿಗೆ ಅಳೆ ಎಂದು ಅರ್ಥ. ಪ್ರಮಾಣ, ಪರಿಮಾಣ, ತಾಪಮಾನ, ಮಾನದಂಡ ಎಲ್ಲವೂ ಅದರ ಮಕ್ಕಳು. ನಮ್ಮ ಶಾಸನಗಳಲ್ಲಿ ದೇವರ ದೀಪಕ್ಕೆ ಬಿಟ್ಟ ಎಣ್ಣೆಯ ಲೆಕ್ಕದಲ್ಲಿ ಬರುವ ‘ಮಾನ’ವೂ ಅಳತೆಯೇ. ಋಗ್ವೇದದಲ್ಲಿ ವಿಮಾನ ಎಂಬ ಮಾತು ಬಂದಾಗ ಅದು ಅಂತರಿಕ್ಷವನ್ನು ಅಳೆದವನನ್ನು, ಅಳೆಯುವ ಕೆಲಸವನ್ನು ಹೇಳುತ್ತದೆ. ಆಕಾಶದ ನಂಟು ಆಗಲೇ ಇತ್ತು. ಹಾರಾಟ ಇರಲಿಲ್ಲ.

ಅಳೆದು ಕಟ್ಟಿದ್ದಕ್ಕೂ ಅದೇ ಹೆಸರು ಬಂತು. ಏಳು ಅಂತಸ್ತಿನ ಅರಮನೆ ವಿಮಾನವಾಯಿತು. ದೇವಸ್ಥಾನದ ಗರ್ಭಗುಡಿಯ ಮೇಲೆ ತಳದ ಮೇಲೆ ತಳವಾಗಿ ಏರುವ ಕಟ್ಟಡವೂ ವಿಮಾನವಾಯಿತು. ಬೇರೆ ಬೇರೆ ಅಳತೆಗಳ ವಿಧಾನದಿಂದ ಆದದ್ದರಿಂದ ಅದಕ್ಕೆ ಆ ಹೆಸರು ಎಂದು ಶಿಲ್ಪಶಾಸ್ತ್ರದವರೇ ಬಿಡಿಸಿ ಹೇಳುತ್ತಾರೆ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಮುಂದೆ ನಿಂತವರಿಗೆ ಈ ಅರ್ಥವನ್ನು ವಿವರಿಸಬೇಕಾಗಿಲ್ಲ. ಕೆಳಗಿನ ತಳದ ಅಗಲ ಹೇಗೋ ಹಾಗೆ ಮೇಲಿನದರ ಕಿರಿತನ, ಎಲ್ಲವೂ ಲೆಕ್ಕ.

ಜೈನರ ಲೋಕದಲ್ಲಿ ವಿಮಾನ ಎಂದರೆ ದೇವತೆಗಳ ಮನೆ. ಸ್ವರ್ಗದ ಕಲ್ಪಗಳಲ್ಲಿ ಇರುವವರು ವೈಮಾನಿಕ ದೇವರು. ಪಂಪನ ಆದಿಪುರಾಣದಲ್ಲಿ ಮಹಾಬಲ ಸತ್ತು ಲಲಿತಾಂಗನಾಗಿ ಹುಟ್ಟುವುದು ಈಶಾನಕಲ್ಪದ ಶ್ರೀಪ್ರಭ ವಿಮಾನದಲ್ಲಿ. ಅವನು ಅದನ್ನು ಹತ್ತಿ ಎಲ್ಲಿಗೂ ಹೋಗಬೇಕಾಗಿಲ್ಲ, ಅದು ಅವನ ವಾಸ. ಅಲ್ಲಿಯ ಸುಖಕ್ಕೂ ಆಯಸ್ಸಿನ ಅಳತೆ ಇದೆ; ಮುಗಿದಾಗ ಕೊರಳ ಮಾಲೆ ಬಾಡುತ್ತದೆ, ಇಳಿಯಲೇಬೇಕು. ಇಂದು ನೆರೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಮಂತ್ರಿಗಳ ‘ವೈಮಾನಿಕ ಸಮೀಕ್ಷೆ’ ಎಂದು ಓದುತ್ತೇವೆ. 2018ರ ಆಗಸ್ಟಿನಲ್ಲಿ ಕೊಡಗಿನ ನಮ್ಮ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆಯ ಗುಡ್ಡಗಳು ಜಾರಿ ಬಿದ್ದ ದಿನಗಳಲ್ಲಿ ನಮ್ಮೂರಿನವರ ಕಿವಿಗೆ ಆ ಮಾತು ಚೆನ್ನಾಗಿ ಬಿದ್ದಿತ್ತು. ಅದೇ ವಿಶೇಷಣ ಸಾವಿರ ವರ್ಷದ ಹಿಂದೆ ಸ್ವರ್ಗದ ನಿವಾಸಿಗಳನ್ನು ಹೇಳುತ್ತಿತ್ತು.

ವಾಹನದ ಅರ್ಥ ಗಟ್ಟಿಯಾದದ್ದು ಪುಷ್ಪಕದಿಂದ. ಕುಬೇರನದು, ರಾವಣ ಕಿತ್ತುಕೊಂಡದ್ದು, ರಾಮ ಲಂಕೆಯಿಂದ ಅಯೋಧ್ಯೆಗೆ ಏರಿ ಬಂದದ್ದು. ಅಮರಕೋಶದ ಕಾಲಕ್ಕೆ ವ್ಯೋಮಯಾನವೂ ವಿಮಾನವೂ ಪರ್ಯಾಯ ಪದಗಳಾಗಿಬಿಟ್ಟಿವೆ. ಊರೂರಿನ ವೀರಗಲ್ಲುಗಳಲ್ಲಿ ನಡುವಿನ ಪಟ್ಟಿಕೆಯನ್ನು ನೋಡಿ: ಕೆಳಗೆ ಕಾದಿ ಬಿದ್ದ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ, ಎಷ್ಟೋ ಕಲ್ಲುಗಳಲ್ಲಿ ವಿಮಾನದಲ್ಲೇ ಕೂರಿಸಿಕೊಂಡು. ಪುಷ್ಪಕದ ಗುಣ ಗಮನಿಸಬೇಕಾದದ್ದು. ಅದು ಒಡೆಯನ ಇಚ್ಛೆಯಂತೆ ಹೋಗುತ್ತದೆ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತದೆ ಎಂದು ನಮ್ಮ ಹಿರಿಯರು ಕಥೆ ಹೇಳುವಾಗ ಸೇರಿಸುತ್ತಿದ್ದರು. ತೂಕವಿಲ್ಲ, ಇಂಧನವಿಲ್ಲ, ದಾರಿಯ ಲೆಕ್ಕವಿಲ್ಲ. ಅಳತೆಯಿಂದ ಹುಟ್ಟಿದ ಪದ ಕಥೆಯೊಳಗೆ ಹೋಗಿ ಅಳತೆಯನ್ನೇ ಬಿಟ್ಟುಕೊಟ್ಟಿತು. ಈ ಪದದ ಬಾಳಿನಲ್ಲಿ ನನಗೆ ಅತ್ಯಂತ ದೊಡ್ಡ ತಿರುವಾಗಿ ಕಾಣುವುದು ಇದು.

ಆ ತಿರುವಿನ ಕೊನೆಯ ಫಲ ನಮ್ಮ ನಾಡಿನಲ್ಲೇ ಆಯಿತು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ ಭರದ್ವಾಜ ಮಹರ್ಷಿಯ ಹೆಸರಿನಲ್ಲಿದೆ. ಮೈಸೂರಿನ ಜಿ.ಆರ್. ಜೋಸ್ಯರ್ ಅದನ್ನು 1973ರಲ್ಲಿ ಇಂಗ್ಲಿಷಿಗೆ ತಂದರು. ಪಕ್ಷಿಗಳಿಗೆ ವೇಗದಲ್ಲಿ ಸಮನಾದದ್ದು ವಿಮಾನ ಎಂದು ಆ ಗ್ರಂಥ ಪದವನ್ನು ಬಿಡಿಸುತ್ತದೆ. ಅಳತೆಯ ಅರ್ಥ ಅಲ್ಲಿ ಮರೆಯಾಗಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಅದರ ಚಿತ್ರಗಳನ್ನೂ ವರ್ಣನೆಗಳನ್ನೂ ಕೂಲಂಕಷವಾಗಿ ಪರೀಕ್ಷಿಸಿದರು. ಗ್ರಂಥ 1904ಕ್ಕಿಂತ ಹಳೆಯದಲ್ಲ, ಅದರಲ್ಲಿರುವ ಯಾವ ವಿಮಾನಕ್ಕೂ ಹಾರುವ ಗುಣವಿಲ್ಲ ಎಂಬುದು ಅವರ ತೀರ್ಮಾನ. ಕೆಲವರಿಗೆ ಅದು ನೋವು ಕೊಟ್ಟಿತು. ನನಗೆ ಆ ಪ್ರಬಂಧ ‘ವಿಮಾನ’ ಪದಕ್ಕೆ ಸಂದ ಗೌರವ. ಅವರು ಮಾಡಿದ್ದು ಚರಕನ ಅರ್ಥದ ವಿಮಾನ.

ಇತ್ತ ನಿಜವಾದ ಯಂತ್ರ ಬಂದಿತ್ತು. ಜನ ಮೊದಲು ಅದನ್ನು ಏರೋಪ್ಲೇನು ಎಂದರು, ಗಾಜಿನಂಥ ರೆಕ್ಕೆಯ ಕೊಡತಿ ಹುಳಕ್ಕೆ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಹೆಸರಿಟ್ಟರು. ಬರಹದಲ್ಲಿ ವಿಮಾನ ಗೆದ್ದಿತು, ಹಳ್ಳಿಯ ಬಾಯಲ್ಲಿ ವಕಾರ ಜಾರಿ ‘ಇಮಾನ’ವಾಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್‌ಎಎಲ್. ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ಅದೇ ಕಾರ್ಖಾನೆಯಿಂದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಒಂದು ಪುಟ್ಟ ವಿಮಾನ ಹೊರಬಂತು. ಅದರ ಹೆಸರು ಪುಷ್ಪಕ್. ಆಸನ ಎರಡೇ. ಮೂರನೆಯವರಿಗೆ ಜಾಗವಿಲ್ಲ, ಕೂತ ಇಬ್ಬರ ತೂಕವನ್ನೂ ಲೆಕ್ಕ ಹಾಕಿಯೇ ಹೊರಡಬೇಕು. ಪುರಾಣದ ಹೆಸರು ಹೊತ್ತ ಆ ವಿಮಾನ ದೇಶದ ಎಷ್ಟೋ ಎಳೆಯರಿಗೆ ಅಳತೆಯ ಮೊದಲ ಪಾಠ ಹೇಳಿಕೊಟ್ಟಿತು. 2024ರಲ್ಲಿ ಇಸ್ರೋ ಚಿತ್ರದುರ್ಗದ ಪರೀಕ್ಷಾ ವಲಯದಲ್ಲಿ ತಾನಾಗಿಯೇ ಇಳಿದ ರೆಕ್ಕೆಯ ರಾಕೆಟ್ಟಿಗೂ ಪುಷ್ಪಕ್ ಎಂದೇ ಹೆಸರಿಟ್ಟಿತು.

ಇನ್ನು ನೆಲ ಬಿಡದೆ ಹಾರಾಟ ಕಲಿಸುವ ವಿಮಾನದ, ಅಂದರೆ ಸಿಮ್ಯುಲೇಟರಿನ ಮಾತು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ತನ್ನ ತಂದೆಯ ಆರ್ಗನ್ ಕಾರ್ಖಾನೆಯಲ್ಲಿ ವಿಚಿತ್ರವಾದ ಪೆಟ್ಟಿಗೆಯೊಂದನ್ನು ಕಟ್ಟಿದ. ಮರದ ಮೈ, ಗಿಡ್ಡ ರೆಕ್ಕೆ, ಕೆಳಗೆ ನಮ್ಮ ಹಾರ್ಮೋನಿಯಮ್ಮಿನಲ್ಲಿರುವಂಥ ತಿದಿಗಳು. ಕೋಲು ಎಳೆದರೆ ತಿದಿ ಉಬ್ಬಿ ಪೆಟ್ಟಿಗೆ ಮೂತಿ ಎತ್ತುತ್ತಿತ್ತು. ಕೆಲವು ವರ್ಷ ಜಾತ್ರೆಯ ಆಟಿಕೆಯಾಗಿಯೇ ಅದು ಉಳಿಯಿತು. 1934ರಲ್ಲಿ ಅಂಚೆ ಸಾಗಿಸಲು ಹೊರಟ ಅಮೆರಿಕದ ಸೇನಾ ಪೈಲಟ್‌ಗಳು ಮಂಜು ಮೋಡಗಳಲ್ಲಿ ದಾರಿತಪ್ಪಿ ಸಾಲುಸಾಲಾಗಿ ಸತ್ತ ಮೇಲೆ ಸೇನೆ ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಜನ ಮುಚ್ಚಳ ಹಾಕಿದ ಆ ಕತ್ತಲೆಯಲ್ಲಿ ಕೂತು, ಕಣ್ಣು ನಂಬದೆ ಮಾಪಕಗಳ ಮುಳ್ಳುಗಳನ್ನು ನಂಬಲು ಕಲಿತರು. ಬೆಂಗಳೂರಿನಲ್ಲಿ ರಕ್ಷಣಾ ಸಂಶೋಧನೆ ಮಾಡುವ ಎಡಿಇ ಸಂಸ್ಥೆಯ ಸಿಮ್ಯುಲೇಟರಿನಲ್ಲಿಯೂ ಅದೇ ಕೆಲಸ ನಡೆಯಿತು. 2001ರ ಜನವರಿ 4ರಂದು ರಾಜೀವ್ ಕೊಥಿಯಾಲ್ ತೇಜಸ್ ಯುದ್ಧವಿಮಾನವನ್ನು ಮೊದಲ ಸಲ ಮೇಲೆತ್ತುವ ಮುನ್ನ ಪರೀಕ್ಷಾ ಪೈಲಟ್‌ಗಳು ಅದನ್ನು ನೆಲದ ಮೇಲೆಯೇ ಮತ್ತೆ ಮತ್ತೆ ಹಾರಿಸಿದ್ದರು.

ಮನೆಗೆ ಸಿಮ್ಯುಲೇಟರ್ ಬಂದದ್ದು 1979ರಲ್ಲಿ, ಬ್ರೂಸ್ ಆರ್ಟ್‌ವಿಕ್ ಆ್ಯಪಲ್ ಕಂಪ್ಯೂಟರಿಗೆ ಬರೆದ ಗೆರೆಚಿತ್ರದ ಆಟದಿಂದ. 1982ರಲ್ಲಿ ಅವರ ಕೆಲಸವೇ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಯಿತು. ಆಮೇಲೆ ಎಕ್ಸ್-ಪ್ಲೇನ್, ಪುಕ್ಕಟೆಯಾಗಿ ಸಿಗುವ ಫ್ಲೈಟ್‌ಗಿಯರ್. ಇದನ್ನು ಹವ್ಯಾಸ ಮಾಡಿಕೊಂಡವರು ಚುಟುಕಾಗಿ ‘ಸಿಮ್’ ಎನ್ನುತ್ತಾರೆ. ಪರದೆಯ ಮೇಲೆ ವಿಮಾನವನ್ನು ಪುಷ್ಪಕದಂತೆ ಬೇಕಾದ ಕಡೆ ಎತ್ತಿ ಇಡಬಹುದು. ಇಂಧನ ಮುಗಿಯದಂತೆ ಮಾಡಬಹುದು, ಬಿದ್ದರೂ ಏಳಬಹುದು. ಹವ್ಯಾಸಿಗಳು ಆ ಸೌಲಭ್ಯಗಳನ್ನೆಲ್ಲ ಒಂದೊಂದಾಗಿ ಮುಚ್ಚಿಬಿಟ್ಟು ಕೂರುತ್ತಾರೆ. ಇಚ್ಛೆಯ ವಿಮಾನ ಕೈಯಲ್ಲಿದ್ದೂ ಅಳತೆಯ ವಿಮಾನವನ್ನು ಆರಿಸಿಕೊಳ್ಳುವ ಈ ಹಟ ನನಗೆ ತುಂಬ ಇಷ್ಟ.

ಸುಂಟಿಕೊಪ್ಪದಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮಾದಾಪುರದಲ್ಲಿ ಕೂತು ಇದನ್ನು ಮಾಡುವುದಕ್ಕೆ ಬೇರೆಯೇ ಅರ್ಥವಿದೆ. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೆ ನಕ್ಷೆಯಲ್ಲಿ ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಒಂದು ಗೆರೆ ಎಳೆಯಿರಿ. ಸುಮಾರು 112 ನಾಟಿಕಲ್ ಮೈಲಿ. ಗೆರೆಯ ನಡುಭಾಗ ಸೋಮವಾರಪೇಟೆ ತಾಲ್ಲೂಕಿನ ಮೇಲೆ, ಮಾದಾಪುರದಿಂದ ಕೂಗಳತೆಯಲ್ಲಲ್ಲದಿದ್ದರೂ ಎಂಜಿನ್ ಸದ್ದು ಕೇಳುವಷ್ಟು ಹತ್ತಿರ ಹಾದುಹೋಗುತ್ತದೆ. ಇನ್ನೂ ಮುಂದೆ ಹೋದರೆ ನೇರವಾಗಿ ಪುಷ್ಪಗಿರಿ.

ಈ ದಾರಿಯನ್ನು ನಾಲ್ಕು ಆಸನದ ಸೆಸ್ನಾ 172ರಲ್ಲಿ ಹಾರಬೇಕೆಂದುಕೊಳ್ಳಿ. ಮಂಡಕಳ್ಳಿಯೇ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಮೇಲಿದೆ. ಅಲ್ಲಿಂದ ಇನ್ನೆರಡು ಸಾವಿರ ಅಡಿ ಏರಿ 4,500ರಲ್ಲಿ ಸಾಗಿದರೆ ಪಿರಿಯಾಪಟ್ಟಣದವರೆಗೂ ಎಲ್ಲ ಸೊಗಸು. ಆದರೆ ಪುಷ್ಪಗಿರಿಯ ತುದಿ 1,712 ಮೀಟರ್, ಅಂದರೆ 5,600 ಅಡಿಗೂ ಮೇಲೆ. ಮೋಡದೊಳಗೆ ಅದು ಕಾಣುವುದಿಲ್ಲ. ಬೆಟ್ಟದ ಸೀಮೆಯಲ್ಲಿ ಎರಡು ಸಾವಿರ ಅಡಿ ಅಂತರ ಇಟ್ಟುಕೊಂಡರೆ 7,600 ದಾಟಬೇಕು. ಕಣ್ಣಿನಿಂದ ನೋಡಿಕೊಂಡು ಪಶ್ಚಿಮಕ್ಕೆ ಹಾರುವವರು ಸಮಸಂಖ್ಯೆಯ ಸಾವಿರಕ್ಕೆ 500 ಸೇರಿಸಿದ ಎತ್ತರದಲ್ಲಿರಬೇಕು ಎಂಬುದು ನಿಯಮ. ಹಾಗಾಗಿ 8,500.

ಗಾಳಿ ನಿಂತಿದ್ದರೆ ಗಂಟೆಗೆ 120 ನಾಟಿಕಲ್ ಮೈಲಿಯಂತೆ 56 ನಿಮಿಷದ ಪ್ರಯಾಣ. ಜುಲೈಯಲ್ಲಿ ಎದುರಿನಿಂದ ಮುಂಗಾರು ಗಾಳಿ ಗಂಟೆಗೆ 30 ನಾಟಿಕಲ್ ಮೈಲಿಯಂತೆ ಬೀಸಿದರೆ ಅದೇ ದಾರಿ ಒಂದೂಕಾಲು ಗಂಟೆಯಾಗುತ್ತದೆ, ಪೆಟ್ರೋಲೂ ಅಷ್ಟೇ ಹೆಚ್ಚು. ಇನ್ನೊಂದು ಸೂಕ್ಷ್ಮವಿದೆ. ಪಶ್ಚಿಮದ ಗಾಳಿ ಘಟ್ಟ ಹತ್ತಿ ನಮ್ಮ ಕಡೆಗೆ ಇಳಿಯುತ್ತದೆ. ಮಾದಾಪುರದ ಕಡೆಯಿಂದ ಬೆಟ್ಟಕ್ಕೆ ಎದುರಾಗಿ ಬರುವ ಸಣ್ಣ ವಿಮಾನವನ್ನು ಆ ಇಳಿಗಾಳಿ ಕೆಳಕ್ಕೆ ಒತ್ತುತ್ತದೆ. ಮೂತಿ ಎತ್ತಿದಷ್ಟೂ ವೇಗ ಸಾಯುತ್ತದೆ. ಕೋಟೆಬೆಟ್ಟದ ಮೇಲಿನ ಮೋಡ ಈ ಕಡೆಗೆ ಚೆಲ್ಲುವುದನ್ನು ಹುಟ್ಟಿದಾಗಿನಿಂದ ನೋಡಿದವರಿಗೂ ಆ ಗಾಳಿಯ ತೂಕ ತಿಳಿಯುವುದು ಎತ್ತರ ತೋರಿಸುವ ಮುಳ್ಳು ಹಿಂದಕ್ಕೆ ತಿರುಗಿದಾಗ.

ಘಟ್ಟ ದಾಟಿದ ಮೇಲೆ ಇಳಿಯುವ ಲೆಕ್ಕ. 8,500ರಿಂದ 1,500ಕ್ಕೆ ಏಳು ಸಾವಿರ ಅಡಿ, ನಿಮಿಷಕ್ಕೆ 500ರಂತೆ 14 ನಿಮಿಷ. ಗಾಳಿಯಿಲ್ಲದ ದಿನ ಅದು 28 ನಾಟಿಕಲ್ ಮೈಲಿ, ಅಂದರೆ ಪುತ್ತೂರಿನ ಮೂಡಣ ಕಾಡಿನ ಮೇಲೆಯೇ ಇಳಿಯಲು ತೊಡಗಬೇಕು. ಕೊನೆಯಲ್ಲಿ ಮೈಲಿಗೆ 300 ಅಡಿ. ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ತಪ್ಪಿದರೆ ಮುಂದೆ ಕಂದರ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಿಂದ ಇಳಿಯಲು ಹೊರಟು, ರನ್‌ವೇಯ ಬಹುಭಾಗ ಕಳೆದ ಮೇಲೆ ನೆಲ ಮುಟ್ಟಿತು. ಸಹಪೈಲಟ್ ‘ಗೋ ಅರೌಂಡ್’, ಅಂದರೆ ಇಳಿಯದೆ ಮತ್ತೆ ಮೇಲೇರು, ಎಂದು ಹೇಳಿದ್ದು ಧ್ವನಿಮುದ್ರಣದಲ್ಲಿದೆ. 158 ಜನ ತೀರಿಕೊಂಡರು. ತನಿಖೆಯ ವರದಿ ಓದಿ ಆ ಇಳಿತವನ್ನು ಸಿಮ್‌ನಲ್ಲಿ ಮಾಡಿ ನೋಡಿದರೆ ವರದಿಯ ಒಂದೊಂದು ಅಂಕಿಯೂ ಮೈಗೆ ತಾಗುತ್ತದೆ. ಮೈಲಿಗೆ 300 ಅಡಿಯ ಲೆಕ್ಕ ಮೀರಿದ ವಿಮಾನವನ್ನು ಸರಿಪಡಿಸಲು ಎಷ್ಟು ಕ್ಷಣಗಳು ಉಳಿದಿರುತ್ತವೆ ಎಂಬುದು ಓದಿನಲ್ಲಿ ಸಿಗುವ ತಿಳಿವಲ್ಲ.

ಚರಿತ್ರೆಯ ಓದಿಗೆ ಈ ಹವ್ಯಾಸ ಕೊಡುವ ದೊಡ್ಡ ಕೊಡುಗೆ ಇದೇ. ಕೊಡಗಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳಲ್ಲಿ ಅವರದ್ದು ಕಾಯ್ದಿಟ್ಟ ವಿಮಾನ. ಬೇರೊಂದು ವಿಮಾನ ಹೊರಡದಿದ್ದಾಗ ಅವರು ಸೇರಿಕೊಂಡರು, ಹಿಂತಿರುಗಲಿಲ್ಲ. ಅವರು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಉರುಳಿಸಿದ್ದರೆಂಬ ಸಂಗತಿ ಬೆಳಕಿಗೆ ಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ವಿವರಗಳಿಂದ ಬರೆದ ಪುಸ್ತಕದಿಂದ. ಸ್ಟಾರ್‌ಫೈಟರಿನ ಪೈಲಟ್ ಅಮ್ಜದ್ ಹುಸೇನ್ ಹೊರಕ್ಕೆ ಚಿಮ್ಮಿ ಬದುಕಿಕೊಂಡಿದ್ದ. ದೇವಯ್ಯನವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ.

ನಿಧಾನದ ವಿಮಾನ ವೇಗದ ವಿಮಾನವನ್ನು ಹೊಡೆದದ್ದು ಹೇಗೆ? ಸಾಹಸ ಎಂದು ಹೇಳಿ ಮುಗಿಸಿಬಿಡುವುದು ಆ ಪೈಲಟ್‌ನ ಕೌಶಲಕ್ಕೆ ಮಾಡುವ ಅನ್ಯಾಯ. ಸ್ಟಾರ್‌ಫೈಟರಿನ ರೆಕ್ಕೆಯ ವಿಸ್ತೀರ್ಣ ಸುಮಾರು 18 ಚದರ ಮೀಟರ್, ಮಿಸ್ಟೇರಿನದು 32. ನೇರ ಓಟದಲ್ಲಿ ಮೊದಲನೆಯದನ್ನು ಹಿಡಿಯಲಾಗದು. ತಿರುಗುವಾಗ ಚಿಕ್ಕ ರೆಕ್ಕೆ ಭಾರ ಹೊರಲಾರದೆ ದೊಡ್ಡ ಸುತ್ತು ಹಾಕುತ್ತದೆ, ದೊಡ್ಡ ರೆಕ್ಕೆಯದು ಆ ಸುತ್ತಿನ ಒಳಗೇ ತಿರುಗಿ ಹಿಂದಕ್ಕೆ ಬರಬಲ್ಲದು. ಸಿಮ್‌ನಲ್ಲಿ ಈ ಎರಡು ಬಗೆಯ ವಿಮಾನಗಳನ್ನು ಒಂದೇ ವೇಗದಲ್ಲಿ ತಿರುಗಿಸಿ ನೋಡಿದರೆ ಅರ್ಧ ಸುತ್ತು ಮುಗಿಯುವುದರೊಳಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅಂಥ ಶತ್ರುವನ್ನು ತಿರುಗುವ ಕಾಳಗಕ್ಕೆ ಎಳೆದುಕೊಂಡದ್ದು, ವಾಪಸು ಬರಲು ಇಂಧನ ಲೆಕ್ಕದಷ್ಟೇ ಇದ್ದಾಗ ಎಳೆದುಕೊಂಡದ್ದು ಎಂಥ ನಿರ್ಧಾರ ಎಂದು ಆಗ ಗೊತ್ತಾಗುತ್ತದೆ.

ಮಡಿಕೇರಿಯಲ್ಲಿ ಅವರ ಪ್ರತಿಮೆಯ ಮುಂದೆ ದಿನವೂ ನೂರಾರು ಮಕ್ಕಳು ಶಾಲೆಗೆ ಹೋಗುತ್ತಾರೆ. ಫ್ಲೈಟ್‌ಗಿಯರಿಗೆ ಕಾಸು ಬೇಡ, ಸಾಧಾರಣ ಕಂಪ್ಯೂಟರು ಸಾಕು. ನಮ್ಮ ಹೈಸ್ಕೂಲುಗಳ ಗಣಿತದ ಮೇಷ್ಟ್ರು ಮಳೆಗಾಲದ ಒಂದು ಮಧ್ಯಾಹ್ನ ಮಂಡಕಳ್ಳಿಯಿಂದ ಬಜ್ಪೆಗೆ ಗೆರೆ ಎಳೆಸಿ, ಪುಷ್ಪಗಿರಿಯ ಎತ್ತರ ಕಂಡುಹಿಡಿಸಿ, ಎದುರುಗಾಳಿಯ ಲೆಕ್ಕ ಹಾಕಿಸಿ, ಆಮೇಲೆ ಮಕ್ಕಳ ಕೈಗೆ ಕೋಲು ಕೊಡಬೇಕೆಂದು ನನ್ನ ಆಸೆ. ಮೊದಲ ಸಲ ಬೆಟ್ಟಕ್ಕೆ ಹೊಡೆಯುವ ಮಗುವಿಗೆ ಎರಡನೆಯ ಸಲ ಎಷ್ಟು ಅಡಿ ಮೇಲಿರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.