'ಯಾರೂ ಮುಟ್ಟದ ಕಾಡು' ಅಂತಾರೆ

ವ್ಯಾಂಕೂವರ್‌ಗೆ ಕೆಲಸಕ್ಕೆ ಹೋದ ನಮ್ಮವರ ಟ್ರಿಪ್ ಪಟ್ಟಿಯಲ್ಲಿ ಬ್ಯಾನ್ಫ್ ಖಂಡಿತ ಇರುತ್ತೆ, ಹೈಡಾ ಗ್ವಾಯ್ ಇರೋದು ಕಡಿಮೆ. ಕೆನಡಾದ ಪಶ್ಚಿಮ ಕರಾವಳಿಯಾಚೆ, ಅಲಾಸ್ಕಾಕ್ಕೆ ಸ್ವಲ್ಪ ಕೆಳಗಿರುವ ದ್ವೀಪಗಳ ಗುಂಪು ಇದು. ಪ್ರಿನ್ಸ್ ರೂಪರ್ಟ್‌ನಿಂದ ಹಡಗಿನಲ್ಲಿ ಸುಮಾರು ಏಳು ಗಂಟೆ, ಅದೂ ಸಮುದ್ರ ಸುಮ್ಮನಿದ್ದರೆ. ಕಪ್ಪು ಕರಡಿ, ತಿಮಿಂಗಿಲ, ಸಾಲ್ಮನ್, ಹಾಲಿಬಟ್, ಕತ್ತೆತ್ತಿ ನೋಡಿದರೂ ತುದಿ ಕಾಣದ ಸೀಡರ್ ಮರಗಳು. ಇದನ್ನೆಲ್ಲ 'ಮನುಷ್ಯ ಮುಟ್ಟದ ಕಾಡು' ಅಂತ ಹೊಗಳೋರಿದ್ದಾರೆ. ನನ್ನ ತಕರಾರು ಆ ಒಂದು ಮಾತಿನ ಮೇಲೆ.

ಅಲ್ಲಿನ ಹಳೇ ಸೀಡರ್‌ಗಳ ಕಾಂಡ ನೋಡಿ. ಕೆಲವದರ ಮೇಲೆ ಬುಡದಿಂದ ಮೇಲಕ್ಕೆ ಕಿರಿದಾಗುತ್ತಾ ಹೋಗುವ ಉದ್ದನೆಯ ಕಲೆ ಇದೆ. ಹೈಡಾ ಹೆಂಗಸರು ತೊಗಟೆ ಸುಲಿದ ಜಾಗ ಅದು. ಒಂದು ಪಟ್ಟಿ ಮಾತ್ರ ತೆಗೆದು ಮರವನ್ನ ಬದುಕೋಕೆ ಬಿಡ್ತಿದ್ದರು. ಆ ನಾರಿನಿಂದ ಚಾಪೆ, ಬುಟ್ಟಿ, ಹಗ್ಗ. ಇನ್ನು ಕೆಲವು ಮರಗಳಲ್ಲಿ ತೂತು: ಒಳಗೆ ಗಟ್ಟಿಯಿದೆಯೋ ಪೊಳ್ಳೋ ಅಂತ ಕಡಿಯುವ ಮೊದಲು ಪರೀಕ್ಷಿಸಿದ್ದು. ಹಾಲಿಬಟ್ ಹಿಡಿಯುವ ಗಾಳವೂ ಮರದ್ದೇ, ತೀರಾ ಸಣ್ಣದೂ ತೀರಾ ದೊಡ್ಡದೂ ಸಿಕ್ಕಿಬೀಳದ ಅಳತೆಯದ್ದು. ಪಾಚಿ ಹೊದ್ದು ಮಲಗಿದ ಅರ್ಧ ಕೆತ್ತಿದ ದೋಣಿಗಳೂ ಕಾಡಿನಲ್ಲಿವೆ.

ಕೆತ್ತುತ್ತಿದ್ದವರು ಎಲ್ಲಿ ಹೋದರು? 1862ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಹಡಗಿನ ಜೊತೆ ವಿಕ್ಟೋರಿಯಾ ಪಟ್ಟಣಕ್ಕೆ ಸಿಡುಬು ಬಂತು. ವ್ಯಾಪಾರಕ್ಕೆ ಬಂದು ಊರಾಚೆ ಬಿಡಾರ ಹೂಡಿದ್ದ ಉತ್ತರದ ಮೂಲನಿವಾಸಿಗಳನ್ನು ಅಧಿಕಾರಿಗಳು ಓಡಿಸಿದರು, ಬಿಡಾರಗಳಿಗೆ ಬೆಂಕಿ ಹಚ್ಚಿದರು. ಜನ ದೋಣಿ ಹತ್ತಿ ಊರಿಗೆ ಹೊರಟರು, ರೋಗವೂ ಜೊತೆಗೆ ಹೊರಟಿತು. ಲಸಿಕೆ ಇರಲಿಲ್ಲವಾ ಅಂದರೆ, ಇತ್ತು. ನಮ್ಮ ಮೈಸೂರು ಅರಮನೆಯಲ್ಲೇ ಅದಕ್ಕೂ ಅರ್ಧ ಶತಮಾನದ ಹಿಂದೆ ಹಾಕಿಸಿಕೊಂಡಿದ್ದರು! ಸಾವಿರಾರು ಜನರಿದ್ದ ಹೈಡಾ ಸಮುದಾಯ ಇಪ್ಪತ್ತನೇ ಶತಮಾನದ ಆರಂಭಕ್ಕೆ ಸುಮಾರು 600ಕ್ಕೆ ಇಳಿಯಿತು. ಉಳಿದವರು ಹಳ್ಳಿಗಳನ್ನು ಬಿಟ್ಟು ಸ್ಕಿಡಗೇಟ್, ಓಲ್ಡ್ ಮ್ಯಾಸೆಟ್ ಎಂಬ ಎರಡೇ ಊರುಗಳಿಗೆ ಸೇರಿದರು. ಇವತ್ತು ನಾವು 'ಎಷ್ಟು ನಿಶ್ಶಬ್ದ' ಅನ್ನೋ ಜಾಗಗಳಲ್ಲಿ ಹಲವು ಹೀಗೆ ಖಾಲಿಯಾದ ಊರುಗಳು.

ಉಳಿದ ಕಾಡೂ ತಾನಾಗೇ ಉಳಿದದ್ದಲ್ಲ. 1985ರಲ್ಲಿ ಲಯಲ್ ದ್ವೀಪದಲ್ಲಿ ಮರ ಕಡಿಯುವವರ ದಾರಿಗೆ ಹೈಡಾ ಜನ ಅಡ್ಡ ನಿಂತರು. ಮೊದಲು ಬಂಧನಕ್ಕೆ ಒಳಗಾಗಿದ್ದು ಹಿರಿಯರು, ಅವರೇ ಹಟ ಹಿಡಿದು ಮುಂದೆ ಬಂದಿದ್ದರು. ಹಿಡಿಯಲು ಬಂದ ಪೊಲೀಸರಲ್ಲಿ ಒಬ್ಬ ಹೈಡಾ ಹುಡುಗನೂ ಇದ್ದ. ಅವನ ಸ್ಥಿತಿ ಯೋಚಿಸಿದ್ರೆ ಈಗಲೂ ಕಷ್ಟ ಆಗುತ್ತೆ. ಒಟ್ಟು 72 ಜನರ ಬಂಧನವಾಯಿತು.

1993ರಲ್ಲಿ ದಕ್ಷಿಣದ ಭಾಗಕ್ಕೆ, ಅಂದರೆ ಗ್ವಾಯ್ ಹಾನಸ್‌ಗೆ ಒಪ್ಪಂದ ಆಯ್ತು. ಕಾಂಟ್ರಾಕ್ಟ್ ಓದೋದೇ ಕೆಲಸವಾಗಿರೋರು ಒಮ್ಮೆ ಇದನ್ನ ಓದಬೇಕು. ಪಕ್ಕಪಕ್ಕ ಎರಡು ಕಾಲಂ: ಒಂದರಲ್ಲಿ 'ಇದು ನಮ್ಮ ನೆಲ' ಎಂಬ ಹೈಡಾ ನಿಲುವು, ಇನ್ನೊಂದರಲ್ಲಿ ಕೆನಡಾ ಸರ್ಕಾರದ ನಿಲುವು. ಜಗಳ ಹಾಗೇ ಇಟ್ಟುಕೊಂಡು ಕಾಡನ್ನ ಇಬ್ಬರೂ ಸೇರಿ ನೋಡಿಕೊಳ್ಳೋಣ ಅಂತ ಸಹಿ!

ಈ ದ್ವೀಪಗಳಿಗೆ ಬ್ರಿಟಿಷ್ ಕ್ಯಾಪ್ಟನ್ ಡಿಕ್ಸನ್ 1787ರಲ್ಲಿ ತನ್ನ ಹಡಗಿನ ಹೆಸರಿಟ್ಟಿದ್ದ: ಕ್ವೀನ್ ಶಾರ್ಲೆಟ್. 2010ರಲ್ಲಿ ಆ ಹೆಸರನ್ನು ಸೀಡರ್ ಪೆಟ್ಟಿಗೆಯೊಂದರಲ್ಲಿಟ್ಟು ಹೈಡಾ ಜನ ಸರ್ಕಾರಕ್ಕೆ ವಾಪಸ್ ಕೊಟ್ಟರು. 2024ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಇಡೀ ದ್ವೀಪಸಮೂಹದ ನೆಲದ ಮೇಲೆ ಹೈಡಾ ಹಕ್ಕನ್ನು ಒಪ್ಪಿಕೊಂಡಿತು.

ಈಗ ಗ್ವಾಯ್ ಹಾನಸ್‌ಗೆ ಹೋಗೋ ಮೊದಲು ಪರಿಚಯ ತರಗತಿಯಲ್ಲಿ ಕೂರಬೇಕು. ಯುನೆಸ್ಕೋ ಪಟ್ಟಿಯಲ್ಲಿರುವ ಸ್ಗಾಂಗ್ ಗ್ವಾಯ್ ಎಂಬ ಹಳೇ ಊರಲ್ಲಿ ಒಮ್ಮೆಗೆ 12 ಜನ ಮಾತ್ರ ದಡಕ್ಕಿಳಿಯಬಹುದು, ಬೇಸಿಗೆಯಲ್ಲಿ ಅಲ್ಲಿ ಕಾವಲಿರುವವರೂ ಹೈಡಾಗಳೇ. ಸತ್ತ ಹಿರಿಯರ ನೆನಪಿನ ಕಂಬಗಳು ವಾಲಿವೆ. ಕೊನೆಗೆ ಅವು ಮಣ್ಣಿಗೇ ಸೇರಬೇಕು ಅನ್ನೋದು ಅವರ ನಿಲುವು. 2013ರಲ್ಲಿ ಅದೇ ಲಯಲ್ ದ್ವೀಪದಲ್ಲಿ 42 ಅಡಿಯ ಹೊಸ ಕಂಬ ಎದ್ದಿತು, ಗ್ವಾಯ್ ಹಾನಸ್‌ನಲ್ಲಿ 130 ವರ್ಷಕ್ಕೂ ಹೆಚ್ಚು ಕಾಲದ ನಂತರ. ಅದರಲ್ಲಿ ಹದ್ದು, ಕರಡಿಗಳ ಜೊತೆಗೆ 1985ರಲ್ಲಿ ಅಡ್ಡ ನಿಂತ ಜನರನ್ನೂ ಕೆತ್ತಿದ್ದಾರೆ.