ನೆಲದಡಿಯ ಉಗ್ರಾಣ

ಧನಕವಡಿಯ ನಮ್ಮ ಅಡಿಗೆಮನೆಗಳಲ್ಲಿ ಒಲೆ ಹಚ್ಚುವಾಗ, ಈ ಅನಿಲ ಎಲ್ಲಿ ಕೂಡಿಟ್ಟದ್ದೆಂದು ಯಾರೂ ಕೇಳುವುದಿಲ್ಲ. ನೈಸರ್ಗಿಕ ಅನಿಲವನ್ನು ನೆಲದಡಿ ಕೂಡಿಡುವ ವಿದ್ಯೆ ಹಳೆಯದು; ೧೯೧೫ರಲ್ಲಿ ಕೆನಡಾದ ಒಂಟೇರಿಯೋ ಪ್ರಾಂತದಲ್ಲಿ ಬರಿದಾದ ಬಾವಿಗಳಲ್ಲಿ ಅದನ್ನು ಮೊದಲು ಮಾಡಿದರು.

ವಿದ್ಯೆ ಬೆಳೆಯಿತು, ಎಚ್ಚರ ಬೆಳೆಯಲಿಲ್ಲ. ಕ್ಯಾಲಿಫೋರ್ನಿಯಾದ ಅಲಿಸೋ ಕ್ಯಾನ್ಯನ್‌ನಲ್ಲಿ ಒಂದು ಬಾವಿಯ ಸುರಕ್ಷಾ ಕವಾಟವನ್ನು ೧೯೭೯ರಲ್ಲಿ ತೆಗೆದವರು ಮತ್ತೆ ಹಾಕಲಿಲ್ಲ; ಆ ಬಾವಿಗೆ ಅದು ಕಡ್ಡಾಯವೂ ಆಗಿರಲಿಲ್ಲ. ೨೦೧೫ರ ಅಕ್ಟೋಬರಿನಲ್ಲಿ ತುಕ್ಕು ಹಿಡಿದ ಕೊಳವೆ ಒಡೆಯಿತು. ಸುಮಾರು ನಾಲ್ಕು ತಿಂಗಳು ಅನಿಲ ಸೋರಿತು. ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಅಮೆರಿಕದ ಕೇಂದ್ರ ಸರ್ಕಾರ ಇಂಥ ಬಾವಿಗಳಿಗೆ ನಿಯಮ ಮಾಡಿದ್ದು ಆಮೇಲೆ, ೨೦೧೬ರಲ್ಲಿ.

ನಮ್ಮ ಕರಾವಳಿಯಲ್ಲೂ ಬಂಡೆ ಕೊರೆದ ಉಗ್ರಾಣಗಳಿವೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ೨೫ ಲಕ್ಷ ಟನ್ ಕಚ್ಚಾತೈಲ ಹಿಡಿಸುತ್ತದೆ. ಮಂಗಳೂರಿನಲ್ಲಿ ೮೦ ಸಾವಿರ ಟನ್ನಿನ ಅಡಿಗೆ ಅನಿಲದ ಗುಹೆಯಿದೆ. ಈ ಗುಹೆಗಳಿಗೆ ಉಕ್ಕಿನ ಕವಚವಿಲ್ಲ. ಸುತ್ತಲ ಬಂಡೆಯ ಬಿರುಕುಗಳಲ್ಲಿರುವ ನೀರಿನ ಒತ್ತಡ ಒಳಗಿನ ಒತ್ತಡಕ್ಕಿಂತ ಹೆಚ್ಚಿದ್ದರೆ ಮಾತ್ರ ಸರಕು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ನೀರಿನ ಮಟ್ಟವನ್ನು ತಪ್ಪದೆ ಅಳೆದು ಬರೆದಿಡಬೇಕು.

ನಮ್ಮಲ್ಲಿ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ ೧೯೮೬ರಿಂದಲೂ ಇದೆ. ಆದರೆ ನಿಯಮ ಪುಸ್ತಕದಲ್ಲಿದ್ದರೆ ಸಾಲದು. ರಜೆಗೆ ಊರಿಗೆ ಹೋಗುವ ಕರಾವಳಿಯ ಬಂಧುಗಳು ಇದನ್ನು ನೆನೆಯಲಿ: ನಮ್ಮವರ ಕ್ಷೇಮ ಆ ದಿನಚರಿಯ ಒಂದೊಂದು ಸಾಲಿನಲ್ಲಿದೆ.